ಮೋಡ ಕವಿದ ರಾತ್ರಿ ಚಳಿ ಕಡಿಮೆಯಾಗುವುದೇಕೆ, ಉಪಗ್ರಹಕ್ಕೆ ಅದು ಕಾಣುತ್ತದೆಯೇ?

ಚಿಕ್ಕಬಳ್ಳಾಪುರದ ಡಿಸೆಂಬರ್ ರಾತ್ರಿಗಳನ್ನು ಕುರಿತ ಈ ಪ್ರಶ್ನೆಗೆ ಉತ್ತರ ನೆಲದಲ್ಲೇ ಇದೆ. ಸೂರ್ಯ ಮುಳುಗಿದ ಮೇಲೂ ನೆಲವು ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಾಗಿ ಹೊರಸೂಸುತ್ತಲೇ ಇರುತ್ತದೆ. ಆಕಾಶ ಶುಭ್ರವಾಗಿದ್ದರೆ ಅದರ ದೊಡ್ಡ ಪಾಲು ನೇರವಾಗಿ ಬಾಹ್ಯಾಕಾಶ ಸೇರುತ್ತದೆ. ಬೆಳಗಿನ ಜಾವ ದ್ರಾಕ್ಷಿ ಎಲೆಗಳ ಮೇಲೂ ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಸೀಟಿನ ಮೇಲೂ ಇಬ್ಬನಿ ಕಟ್ಟುವುದು, ಅವು ಹೀಗೆ ಶಾಖ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದರಿಂದ. ತಗ್ಗಿನ ಮೋಡ ಕವಿದಾಗ ಅದರ ನೀರಹನಿಗಳು ಈ ಕಿರಣಗಳನ್ನು ಹೀರಿಕೊಂಡು ಮತ್ತೆ ನೆಲದತ್ತ ಸೂಸುತ್ತವೆ. ಎತ್ತರದ ತೆಳು ಮೋಡ ಬಹಳ ತಣ್ಣಗಿರುವುದರಿಂದ ಅಷ್ಟು ಶಾಖವನ್ನು ಮರಳಿಸಲಾರದು.

ಉಪಗ್ರಹದ ವಿಷಯ ಇನ್ನೂ ಸೂಕ್ಷ್ಮವಾದುದು. ಸುಮಾರು 11 ಮೈಕ್ರೊಮೀಟರ್ ತರಂಗಾಂತರದ ಅವಕೆಂಪು ಕಿರಣಗಳಲ್ಲಿ ನೋಡುವ ಉಪಗ್ರಹಕ್ಕೆ ಮೋಡವಿದ್ದಾಗ ಕಾಣುವುದು ನೆಲವಲ್ಲ, ಮೋಡದ ನೆತ್ತಿ. ತಗ್ಗಿನ ಮೋಡದ ನೆತ್ತಿಯ ಉಷ್ಣಾಂಶ ನೆಲದ ಉಷ್ಣಾಂಶಕ್ಕೆ ಹತ್ತಿರವಿರುವುದರಿಂದ, ನಂದಿಬೆಟ್ಟದ ಬುಡದಲ್ಲಿ ಹರಡಿದ ಮಂಜು ಆ ಒಂದು ಚಿತ್ರದಲ್ಲಿ ಬರಿಯ ನೆಲದಂತೆಯೇ ತೋರಬಹುದು. ಆದ್ದರಿಂದ 3.9 ಮೈಕ್ರೊಮೀಟರ್ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ: ಸಣ್ಣ ನೀರಹನಿಗಳು ಅಲ್ಲಿ ಕಡಿಮೆ ಸೂಸುವುದರಿಂದ ಮೋಡ ಇನ್ನಷ್ಟು ತಣ್ಣಗೆ ಕಂಡು ಬೇರ್ಪಡುತ್ತದೆ. 2013ರಲ್ಲಿ ಉಡಾವಣೆಯಾದ ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಯಲ್ಲಿ ಈ ಎರಡೂ ಬಗೆಯ ಚಾನೆಲ್‌ಗಳಿದ್ದವು.

ಉಪಗ್ರಹದ ರಾತ್ರಿ ಉಷ್ಣಾಂಶದ ನಕ್ಷೆಗಳನ್ನು ಬಳಸುವ ರೈತರು ಮತ್ತು ವಿದ್ಯಾರ್ಥಿಗಳು ಒಂದನ್ನು ಖಂಡಿತ ಗಮನಿಸಬೇಕು. ಅವಕೆಂಪು ಕಿರಣಗಳಿಂದ ಸಿದ್ಧವಾದ ನಕ್ಷೆಗಳಲ್ಲಿ ಮೋಡವಿದ್ದ ರಾತ್ರಿಗಳ ಜಾಗ ಖಾಲಿ ಉಳಿಯುತ್ತದೆ. ಬೆಚ್ಚಗಿನ ರಾತ್ರಿಗಳೇ ಬಿಟ್ಟುಹೋಗುವುದರಿಂದ ತಿಂಗಳ ಸರಾಸರಿ ವಾಸ್ತವಕ್ಕಿಂತ ತಣ್ಣಗೆ ಕಾಣುವ ಸಾಧ್ಯತೆ ಹೆಚ್ಚು.