ಆ ಮುದುಕರು ಎಲ್ಲಿ ಹೋದರು?

ಪ್ರಿಯರೇ,

ಗ್ರೀಕ್ ನಾಟಕಕಾರ ಈಸ್ಕಿಲಸ್‌ನ 'ಅಗಮೆಮ್ನಾನ್' ನಾಟಕದಲ್ಲಿ (ಕ್ರಿ.ಪೂ. 458) ಮೇಳ, ಅಂದರೆ ಒಟ್ಟಾಗಿ ಹಾಡುವ ಗುಂಪು, ಮಾಡುವ ಪ್ರಾರ್ಥನೆ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಪಟ್ಟ ಶ್ರಮ ಕಾಣುತ್ತದೆ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದನ್ನಷ್ಟೇ ಬರೆಯುತ್ತೇನೆ.

'ನೋವು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎನ್ನುತ್ತಾನೆ ಈಸ್ಕಿಲಸ್' ಅಂತ ಬರೆದಿದ್ದೀರಿ. ಈ ಮಾತು ಹಾಡುವುದು ಆ ಮೇಳ, ಅಂದರೆ ಆರ್ಗೋಸ್ ಊರಿನ ಮುದುಕರು. ಹತ್ತು ವರ್ಷದ ಹಿಂದೆ ದೊರೆ ಅಗಮೆಮ್ನಾನ್‌ನ ಸೈನ್ಯ ಟ್ರಾಯ್ ನಗರದ ಮೇಲೆ ಯುದ್ಧಕ್ಕೆ ಹೊರಟಾಗ, ಕೈಲಾಗದವರು ಅಂತ ಹಿಂದೆ ಉಳಿದವರು. ಕೋಲೂರಿ ನಡೆಯುವವರು. ಅವರು ಹೇಳುವುದಾದರೂ ಎರಡೇ ಗ್ರೀಕ್ ಪದ: ಪಾಥೇಯ್ ಮಾಥೋಸ್. ಪಟ್ಟ ಮೇಲೆ ತಿಳಿಯುತ್ತದೆ, ಅಷ್ಟೇ. ದೊಡ್ಡವರಾಗುವ ಮಾತು ಅದರಲ್ಲಿ ಎಲ್ಲಿದೆ? ನಿದ್ದೆಯಲ್ಲೂ ಹಳೆಯ ನೋವು ಎದೆಯ ಮುಂದೆ ತೊಟ್ಟಿಕ್ಕುತ್ತದೆ, ಬೇಡವೆಂದರೂ ಬುದ್ಧಿ ಬರುತ್ತದೆ ಎನ್ನುತ್ತಾರೆ. ಆ 'ಬೇಡವೆಂದರೂ' ಅನ್ನುವುದನ್ನೇ ನೀವು ಬಿಟ್ಟಿದ್ದೀರಿ.

ಮುಂದಿನ ಸಾಲು: 'ಮೇಳ ನೆಮ್ಮದಿಯಿಂದ ಝ್ಯೂಸ್‌ನನ್ನು ಸ್ತುತಿಸುತ್ತದೆ.' ದೇವತೆಗಳ ದೊರೆಯನ್ನು ನೆಮ್ಮದಿಯಿಂದಲೇ? 'ಝ್ಯೂಸ್, ಅವನು ಯಾರೇ ಆಗಿರಲಿ, ಈ ಹೆಸರು ಅವನಿಗೆ ಹಿಡಿಸುವುದಾದರೆ' ಅಂತ ಶುರು ಮಾಡುತ್ತಾರೆ. ದೇವರಿಗೆ ಒಪ್ಪುವ ಹೆಸರಲ್ಲೇ ಕರೆಯಬೇಕೆಂಬ ಎಚ್ಚರ ಗ್ರೀಕರ ಪ್ರಾರ್ಥನೆಗಳಲ್ಲಿ ಮಾಮೂಲಿ, ಒಪ್ಪುತ್ತೇನೆ. ಆದರೆ ಇಲ್ಲಿ ಇವರು 'ನೀನು' ಅಂತ ಕೂಡ ಕರೆಯುವುದಿಲ್ಲ. ಯಾಕೆ ಹೇಳಿ? ಟ್ರಾಯ್‌ಗೆ ಹೊರಟ ಹಡಗುಗಳು ತಂಗಿದ್ದ ಆಲಿಸ್ ಬಂದರಿನ ಕಥೆ ಅರ್ಧಕ್ಕೆ ನಿಂತಿದೆ. ಸ್ತುತಿ ಮುಗಿದ ಮೇಲೆ ಅದನ್ನು ಹೇಳಲೇಬೇಕು. ಅಪ್ಪ ಅಗಮೆಮ್ನಾನ್‌ನ ಮಾತಿನಂತೆ ಮಗಳು ಇಫಿಜೆನಿಯಾಳನ್ನು ಮೇಕೆಯ ಹಾಗೆ ಬಲಿಪೀಠದ ಮೇಲೆ ಎತ್ತಿ ಹಿಡಿದದ್ದು, ಬಾಯಿ ಕಟ್ಟಿದ್ದು. 'ಮುಂದಿನದನ್ನು ನೋಡಲಿಲ್ಲ, ಹೇಳುವುದೂ ಇಲ್ಲ' ಅಂತ ಅಲ್ಲಿಗೆ ನಿಲ್ಲಿಸುತ್ತಾರೆ. ಅದು ಎದುರಿಗಿರುವಾಗ ನೆಮ್ಮದಿ ಎಲ್ಲಿಂದ ಬರಬೇಕು?

ನಾನೂ ಶುರುವಿನಲ್ಲಿ ಮೇಳದ ಸಾಲು ಕಿತ್ತು ತಂದು ಸುಭಾಷಿತದ ಹಾಗೆ ಬಳಸುತ್ತಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯರು ಬೈಯಲಿಲ್ಲ. ಅಂಥ ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ 'ಯಾರು? ಯಾವಾಗ?' ಅಂತ ಬರೆದು ವಾಪಸ್ ಕೊಟ್ಟರು. ಉತ್ತರಕ್ಕಾಗಿ ಇಡೀ ನಾಟಕವನ್ನು ಮೊದಲಿಂದ ಓದಬೇಕಾಯಿತು. ಆಗ ಸಿಕ್ಕಿತು ಆ ಪಲ್ಲವಿ: 'ಅಯ್ಯೋ ಅನ್ನು, ಅಯ್ಯೋ ಅನ್ನು, ಆದರೂ ಒಳ್ಳೆಯದೇ ಗೆಲ್ಲಲಿ.' ಝ್ಯೂಸ್‌ನ ಸ್ತುತಿಗೆ ಮುಂಚೆ ಅದು ಮೂರು ಸಲ ಬರುತ್ತದೆ. ಗೋಳು, ಬೇಡಿಕೆ ಎರಡೂ ಒಂದೇ ಉಸಿರಲ್ಲಿ. ಅಂದು ರಾತ್ರಿ ಅದನ್ನು ಎಷ್ಟು ಸಲ ಗಟ್ಟಿಯಾಗಿ ಓದಿಕೊಂಡೆನೋ.

ನಿಮ್ಮ ಹನ್ನೆರಡು ಪುಟಗಳಲ್ಲಿ ಆ ಸಾಲು ಒಂದು ಸಲವೂ ಇಲ್ಲ. ಅಲ್ಲಿಂದಲೇ ಶುರು ಮಾಡಿ, ಮತ್ತೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ