ಶನಿವಾರ ಸುತ್ತಿಗೆ ಹಿಡಿಯಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ,

ಹ್ಯೂಸ್ಟನ್‌ಗೆ ಬಂದು ಮೂರು ತಿಂಗಳಾಯಿತು, ಆಫೀಸು, ಅಪಾರ್ಟ್‌ಮೆಂಟು, ಇಂಡಿಯನ್ ಅಂಗಡಿ ಬಿಟ್ಟರೆ ಇನ್ನೇನೂ ನೋಡಿಲ್ಲ ಅಂತ ಬರೆದಿದ್ದೀಯ. ಚಂಡಮಾರುತಕ್ಕೆ ಹಾಳಾದ ಮನೆಗಳನ್ನು ಮತ್ತೆ ಕಟ್ಟಿಕೊಡುವ ಚರ್ಚಿನವರ ತಂಡ ಒಂದಿದೆಯಂತೆ, ಸೇರಲಾ ಅಂತ ಕೇಳಿದ್ದೀಯ. ಜೊತೆಗೆ ಮೂರು ಭಯ: ವೀಸಾಗೆ ತೊಂದರೆ ಆಗುತ್ತಾ, ಚರ್ಚಿನವರು ಮತಾಂತರ ಗಿತಾಂತರ ಅಂತಾರಾ, ಮೊಳೆ ಹೊಡೆಯೋದಕ್ಕೂ ಬರದವನು ಅಲ್ಲಿಗೆ ಹೋಗಿ ಏನು ಮಾಡಲಿ.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಲಾಭಕ್ಕಲ್ಲದ ಸಂಸ್ಥೆಗೆ, ಯಾರು ಬೇಕಾದರೂ ಬಂದು ಪುಕ್ಕಟೆ ಮಾಡುವಂಥ ಕೆಲಸ ಮಾಡಿದರೆ ಸಾಮಾನ್ಯವಾಗಿ ಏನೂ ಆಗಲ್ಲ. ಕಾಂಟ್ರಾಕ್ಟರ್ ದುಡ್ಡು ಮಾಡುವ ಸೈಟಿಗೆ ಮಾತ್ರ 'ಸುಮ್ನೆ ಸಹಾಯಕ್ಕೆ' ಅಂತ ಹೋಗಬೇಡ. ಯಾರಾದರೂ ಕೈಗೆ ಕಾಸು ಕೊಟ್ಟರೆ ತಗೋಬೇಡ. ಅಷ್ಟಕ್ಕೂ ಅನುಮಾನ ಇದ್ದರೆ ನಿನ್ನ ಕಂಪನಿಯ ವೀಸಾ ವಕೀಲರಿಗೆ ಒಂದು ಮೇಲ್ ಹಾಕು.

ಚರ್ಚಿನವರು ಬೆಳಗ್ಗೆ ಎರಡು ನಿಮಿಷ ಪ್ರಾರ್ಥನೆ ಮಾಡುತ್ತಾರೆ. ನಾನು ಸುಮ್ನೆ ನಿಂತಿರುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬ ಅಜ್ಜ ನನ್ನ ದೇವರು ಯಾರು ಅಂತ ಕೇಳಿದ್ದು. ಬನಶಂಕರಿ ಅಂದೆ. ಮಳೆ ನಿಲ್ಲಿಸುತ್ತಾಳಾ ಅಂದ. ನಮ್ಮ ಬಾದಾಮಿ ಕಡೆ ಮಳೆ ಬರಲಿ ಅಂತ ಬೇಡಿಕೊಳ್ಳೋದೇ ಜಾಸ್ತಿ, ನಿಲ್ಲಿಸು ಅಂತ ಯಾರೂ ಕೇಳಿ ನೋಡಿಲ್ಲ ಅಂದೆ. ಅಲ್ಲಿಗೆ ಮಾತು ಮುಗಿಯಿತು.

ಈಗ ಮೂರನೆಯದು. ಹಾರ್ವೆ ಚಂಡಮಾರುತ ಬಂದಾಗ ನಾನೂ ಇಲ್ಲೇ ಇದ್ದೆ. 2017ರ ಆಗಸ್ಟ್ 25ರ ರಾತ್ರಿ ಅದು ರಾಕ್‌ಪೋರ್ಟ್ ಹತ್ತಿರ ದಡ ಹತ್ತಿತು. ಗಾಳಿಯ ಹೊಡೆತ ಅಲ್ಲಿಯವರಿಗೆ, ನಮಗೆ ಸಿಕ್ಕಿದ್ದು ಮಳೆ. ಮುಂದೆ ಹೋಗದೆ ಇಲ್ಲೇ ಸುತ್ತಾಡಿಕೊಂಡು ದಿನಗಟ್ಟಲೆ ಸುರಿಯಿತು. ನೆಡರ್‌ಲ್ಯಾಂಡ್ ಎಂಬ ಊರಲ್ಲಿ 60 ಇಂಚು ದಾಟಿತು. ಬಾಗಲಕೋಟೆ ಕಡೆ ಎರಡು ವರ್ಷ ಕೂಡಿಸಿದರೂ ಅಷ್ಟು ಬೀಳಲ್ಲ.

ನೀರು ಇಳಿದ ಮೇಲೆ ಬೀದಿಯಲ್ಲಿ ನಿಂತು ನೋಡಿದರೆ ಮನೆಗಳೆಲ್ಲ ಗಟ್ಟಿಯಾಗಿಯೇ ಕಾಣುತ್ತಿದ್ದವು. ಇಲ್ಲಿ ಮೋಸ ಹೋಗುವುದು ಅಲ್ಲೇ. 2019ರಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಅತ್ತೆಯ ಮಣ್ಣಿನ ಗೋಡೆ ಕುಸಿದೇ ಬಿತ್ತು, ಹೋಯಿತು ಅಂತ ಎಲ್ಲರಿಗೂ ಗೊತ್ತಾಯಿತು. ಇಲ್ಲಿನ ಮನೆ ಬೀಳಲ್ಲ, ಒಳಗೇ ಕೊಳೆಯುತ್ತದೆ. ಕಟ್ಟಿಗೆಯ ಕಂಬ ನಿಲ್ಲಿಸಿ, ನಡುವೆ ಹತ್ತಿಯಂಥ ಗಾಜಿನ ನಾರು ತುಂಬಿ, ಮೇಲೆ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ. ಡ್ರೈವಾಲ್ ಅನ್ನುವುದು ಅದನ್ನೇ. ಒಂದು ಅಡಿ ನೀರು ನಿಂತರೂ ಹಲಗೆ ಅದನ್ನು ಮೇಲಕ್ಕೆ ಹೀರುತ್ತದೆ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ. ಒಂದೆರಡು ದಿನದಲ್ಲಿ ಬೂಸ್ಟು. ಅದಕ್ಕೇ ನೆಲದಿಂದ 4 ಅಡಿಯವರೆಗೆ ಗೋಡೆ ಕತ್ತರಿಸಿ ತೆಗೆಯುತ್ತಾರೆ. ಯಾಕೆ 4 ಅಡಿ ಅಂದರೆ ಹಲಗೆಯ ಅಗಲವೇ ಅಷ್ಟು. ಹೊಸದನ್ನು ಅಡ್ಡ ಮಲಗಿಸಿದರೆ ಸರಿಯಾಗಿ ಕೂರುತ್ತದೆ.

ಬಿಚ್ಚುವ ಕೆಲಸಕ್ಕೆ ಬುದ್ಧಿ ಬೇಡ, ಎನ್95 ಮಾಸ್ಕು, ದಪ್ಪ ಬೂಟು ಇದ್ದರೆ ಸಾಕು. ಅದಕ್ಕೆ ಜನವೂ ಬೇಕಾದಷ್ಟು. ಮೊದಲ ಎರಡು ಮೂರು ವಾರ ಬೀದಿ ತುಂಬ ಸ್ವಯಂಸೇವಕರು, ಫೋಟೋ, ನೀರಿನ ಬಾಟಲಿ. ಆಮೇಲೆ ಎಲ್ಲರೂ ಆಫೀಸಿಗೆ. ಕಂಬ ಒಣಗಿ, ಮತ್ತೆ ಗೋಡೆ ಕಟ್ಟುವ ಹೊತ್ತಿಗೆ ಯಾರೂ ಇರಲ್ಲ. ನಾನು ಸೇರಿದ್ದು ಹಾರ್ವೆ ಆಗಿ ಆರು ತಿಂಗಳಿಗೆ. ಮೊದಲೇ ಹೋಗಬೇಕಿತ್ತು ಅಂತ ನಾಚಿಕೆ ಪಡುತ್ತಾ ಹೋದರೆ, ಸರಿಯಾದ ಹೊತ್ತಿಗೆ ಬಂದೆ ಅಂದರು.

ನಾನು ಮೊದಲು ಕೆಲಸ ಮಾಡಿದ ಮನೆ ಇದ್ದದ್ದು ಇದೇ ಹ್ಯೂಸ್ಟನ್ನಿನ ಕಾಶ್ಮೀರ್ ಗಾರ್ಡನ್ಸ್‌ನಲ್ಲಿ. ಹೆಸರು ಕೇಳಿ ನಗಬೇಡ, ನಾನೂ ನಕ್ಕಿದ್ದೆ. ಹಂಟಿಂಗ್ ಬಾಯು ಅಂತ ಒಂದು ಹಳ್ಳ ಹರಿಯುವ, ಕರಿಯ ಜನ ತಲೆಮಾರುಗಳಿಂದ ಇರುವ ಕೇರಿ. ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು. ಆರು ತಿಂಗಳಿಂದ ಗೋಡೆಯಿಲ್ಲದ ಮನೆಯಲ್ಲೇ ಇದ್ದರು. ಮಲಗುವ ಕೋಣೆಯಿಂದ ಕಂಬಗಳ ಸಂದಿಯಲ್ಲಿ ಅಡುಗೆಮನೆಯ ಒಲೆ ಕಾಣುತ್ತಿತ್ತು. ಬಚ್ಚಲಿಗೆ ಮರೆಯಾಗಿ ಬೆಡ್‌ಶೀಟು ಕಟ್ಟಿದ್ದರು. ಮೊದಲ ಹಲಗೆ ಅಲ್ಲೇ ಹೊಡೀರಿ ಅಂದರು, ಇನ್ನೇನೂ ಕೇಳಲಿಲ್ಲ.

ತಂಡದ ಮುಖ್ಯಸ್ಥ ಒಹಾಯೋದಿಂದ ಬಂದ ನಿವೃತ್ತ ಬಡಗಿ. ಸ್ಕ್ರೂ ತಲೆ ಹಲಗೆಯ ಮೇಲಿನ ಕಾಗದ ಹರಿಯದ ಹಾಗೆ ಒಂದು ಕೂದಲಷ್ಟು ಒಳಗೆ ಹೋಗಬೇಕು ಅಂತ ತೋರಿಸಿಕೊಟ್ಟ. ನಾನು, ಇನ್ನೊಬ್ಬ ಹುಡುಗ ಸೇರಿ ಎರಡು ಗಂಟೆ ಬೆವರು ಸುರಿಸಿ ಒಂದು ಗೋಡೆ ಮುಗಿಸಿದೆವು. ಚೆಂದ ಕೂತಿತ್ತು. ಅಜ್ಜಿ ಬಂದು ನೋಡಿ, "ಇಲ್ಲೊಂದು ಪ್ಲಗ್ ಪಾಯಿಂಟ್ ಇತ್ತಲ್ಲ?" ಅಂದರು. ಅದನ್ನು ಗೋಡೆಯೊಳಗೇ ಹೂತುಬಿಟ್ಟಿದ್ದೆವು! ಬಡಗಿ ಬೈಯಲಿಲ್ಲ. ಹಲಗೆ ಬಿಚ್ಚಿಸಿ, ಪ್ಲಗ್ಗಿನ ಪೆಟ್ಟಿಗೆಯ ಅಂಚಿಗೆ ಚಾಕ್ ಬಳಿದು, ಹಲಗೆ ಒತ್ತಿ ಹಿಡಿದ. ಹಿಂದುಗಡೆ ಚೌಕ ಅಚ್ಚಾಯಿತು. "ಇದನ್ನು ಕತ್ತರಿಸಿ" ಅಂದು ಹೋದ. ಆಮೇಲೆ ಹಲಗೆಗಳ ಸಂದಿಗೆ ಮಡ್, ಅಂದರೆ ಸಂದಿ ಮುಚ್ಚುವ ಲೇಪ, ಬಳಿಯುವುದು. ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿನ ಹದ. ತೆಳ್ಳಗೆ ಮೂರು ಸಲ, ಪ್ರತಿ ಸಲ ಒಣಗಬೇಕು. ದೋಸೆ ಹುಯ್ದ ಕೈ ನನಗೆ ಅಲ್ಲಿ ಉಪಯೋಗಕ್ಕೆ ಬಂತು, ಅದು ಸುಳ್ಳಲ್ಲ.

ಊಟದ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ವಾರ ಅಜ್ಜಿ ಕೊಟ್ಟ ಸೊಪ್ಪಿನ ಪಲ್ಯದಲ್ಲಿ ಮಾಂಸ ಇತ್ತು, ಬೇಡ ಅನ್ನೋದಕ್ಕೆ ಸಂಕೋಚವಾಗಿ ಹೊಟ್ಟೆ ಸರಿಯಿಲ್ಲ ಅಂದೆ. ಅವರಿಗೆ ತಿಳಿದುಹೋಯಿತು. ಮುಂದಿನ ಶನಿವಾರ ನನ್ನ ಹೆಸರು ಬರೆದ ಬೇರೆ ಡಬ್ಬಿ, ಬರೀ ಸೊಪ್ಪು, ಜೋಳದ ಬ್ರೆಡ್ಡು. ನೀನು ಮಾಂಸ ತಿನ್ನದಿದ್ದರೆ ಮೊದಲೇ ಹೇಳು, ಯಾರೂ ತಪ್ಪು ತಿಳಿಯಲ್ಲ. ಹಿರಿಯ ಹೆಂಗಸರಿಗೆ ಮ್ಯಾಮ್ ಅನ್ನು. ಅವರು ಮಾತಿಗೆ ಕೂತರೆ ಡ್ರಿಲ್ ಕೆಳಗಿಟ್ಟು ಕೇಳು, ಕೆಲಸ ಹತ್ತು ನಿಮಿಷ ತಡವಾದರೆ ಆಗಲಿ.

ಅಂದಹಾಗೆ, ಮುಂದೆ ಇಲ್ಲಿ ಮನೆ ಕೊಂಡರೆ ಒಂದು ನೆನಪಿಟ್ಟುಕೋ. ಮನೆಯ ಮಾಮೂಲಿ ಇನ್ಶೂರೆನ್ಸ್ ನೆರೆಗೆ ದುಡ್ಡು ಕೊಡಲ್ಲ. ನೆರೆಯದು ಬೇರೆ ಪಾಲಿಸಿ, ಅದೂ ಸಾಮಾನ್ಯವಾಗಿ 30 ದಿನ ಆದ ಮೇಲೇ ಜಾರಿಗೆ ಬರುತ್ತದೆ. ಟಿವಿಯಲ್ಲಿ ಚಂಡಮಾರುತದ ಸುಳಿ ಕಂಡ ಮೇಲೆ ಫೋನು ಮಾಡಿದರೆ ಉಪಯೋಗವಿಲ್ಲ. ಆ ಅಜ್ಜಿಯ ಹತ್ತಿರ ಅದು ಇರಲಿಲ್ಲ.

ರೆಸ್ಯೂಮೆಗೆ ಹಾಕಬಹುದಾ ಅಂತಲೂ ಕೇಳಿದ್ದೀಯ. ಹಾಕು, ಯಾರು ಬೇಡ ಅಂದರು? ಮೊದಲು ನಾಲ್ಕು ಶನಿವಾರ ಬಾ.

ಟೆಟನಸ್ ಇಂಜೆಕ್ಷನ್ ಆಗಿದೆಯಾ ನೋಡಿಕೋ, ಹಳೆಯ ಮೊಳೆ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಉದ್ದ ಪ್ಯಾಂಟು, ಹಾಳಾದರೂ ಪರವಾಗಿಲ್ಲ ಅನ್ನುವ ಅಂಗಿ. ನೀರು ಜಾಸ್ತಿ ತಗೊಂಡು ಬಾ, ಇಲ್ಲಿನ ಸೆಕೆ ನಿನಗಿನ್ನೂ ಗೊತ್ತಿಲ್ಲ. ಕಾರಿಲ್ಲ ಅಂದಿದ್ದೆಯಲ್ಲ, ನಿನ್ನ ಅಪಾರ್ಟ್‌ಮೆಂಟಿನ ವಿಳಾಸ ಕಳಿಸು. ಆರೂವರೆಗೆ ಗೇಟಿನ ಹತ್ತಿರ ನಿಂತಿರು. ಚಿತ್ರಾನ್ನ ನಾನು ತರುತ್ತೇನೆ.