ಅಂಥ ಭೂಕಂಪಕ್ಕೂ ಸುನಾಮಿ ಏಕೆ ಬರಲಿಲ್ಲ?

ಕಾರವಾರದ ಓದುಗರೊಬ್ಬರು ಬರೆದಿದ್ದಾರೆ: "2012ರ ಏಪ್ರಿಲ್‌ನಲ್ಲಿ ಸುಮಾತ್ರಾ ಬಳಿ ಕಡಲಡಿಯಲ್ಲಿ ಭೂಕಂಪವಾದಾಗ ಬೆಂಗಳೂರಿನ ಕಚೇರಿಯಲ್ಲಿದ್ದ ನಾನು ಮೆಟ್ಟಿಲಿಳಿದು ಬೀದಿಗೆ ಓಡಿದ್ದೆ. ಅಷ್ಟು ದೂರಕ್ಕೆ ನಡುಕ ತಲುಪಿದರೂ ಸುನಾಮಿ ಬರಲಿಲ್ಲ. 2004ರಲ್ಲಿ ಮಾತ್ರ ಏಕೆ ಬಂತು? ನಮ್ಮ ಪಶ್ಚಿಮ ಕರಾವಳಿಗೆ ಅದರ ಭಯವಿಲ್ಲವೇ?"

ಮಾನ್ಯರೇ,

ನೀವು ಅಂದು ಹೆದರಿದ್ದು ಸಹಜವೇ. ಆ ಭೂಕಂಪದ ತೀವ್ರತೆ 8.6 ಇತ್ತು. ಆದರೆ ಸುನಾಮಿಯನ್ನು ಹುಟ್ಟಿಸುವುದು ನೆಲದ ನಡುಕವಲ್ಲ, ಕಡಲತಳ ಒಮ್ಮೆಲೇ ಮೇಲೇಳುವುದು ಅಥವಾ ಕುಸಿಯುವುದು. ಹಂಡೆಯ ನೀರಿನೊಳಗೆ ಊಟದ ತಟ್ಟೆಯನ್ನು ಅಂಚು ಮುಂದಾಗಿ ಸರಿಸಿದರೆ ನೀರು ಅಷ್ಟಾಗಿ ಕಲಕುವುದಿಲ್ಲ. ಅದೇ ತಟ್ಟೆಯನ್ನು ಮಟ್ಟಸವಾಗಿ ಹಿಡಿದು ಥಟ್ಟನೆ ಮೇಲೆತ್ತಿದರೆ ನೀರು ಕಂಠ ದಾಟಿ ಚೆಲ್ಲುತ್ತದೆ. 2012ರಲ್ಲಿ ಶಿಲಾಸ್ತರಗಳು ಒಂದರ ಪಕ್ಕದಲ್ಲೊಂದು ಅಡ್ಡಲಾಗಿ ಜಾರಿದ್ದರಿಂದ ಹಾನಿಮಾಡದ ಸಣ್ಣ ಅಲೆಗಳಷ್ಟೇ ಎದ್ದವು.

2004ರ ಕಥೆ ಬೇರೆ. ಭಾರತದ ಭೂಫಲಕವು (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ವರ್ಷಕ್ಕೆ ಕೆಲವು ಸೆಂಟಿಮೀಟರುಗಳಂತೆ ಅಂಡಮಾನ್–ಸುಮಾತ್ರಾ ಕಡೆಯ ಫಲಕದ ಅಂಚಿನ ಅಡಿಗೆ ನುಗ್ಗುತ್ತಿದ್ದು, ಎರಡೂ ಫಲಕಗಳು ಕಚ್ಚಿಕೊಂಡಿರುವ ಕಡೆ ಮೇಲಿನದರ ಅಂಚು ಶತಮಾನಗಳ ಕಾಲ ಕೆಳಕ್ಕೆ ಬಾಗುತ್ತ ಬಿಲ್ಲಿನಂತೆ ಬಿಗಿದುಕೊಳ್ಳುತ್ತದೆ. ಡಿಸೆಂಬರ್ 26ರ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಆ ಹಿಡಿತ ಕಳಚಿ, ಸುಮಾರು 1,300 ಕಿ.ಮೀ. ಉದ್ದಕ್ಕೂ ಅಂಚು ಮೇಲಕ್ಕೆ ಚಿಮ್ಮಿತು. ಉತ್ತರ ಅಂಡಮಾನಿನಲ್ಲಿ ಹವಳದ ದಿಬ್ಬಗಳು ನೀರಿನಿಂದ ಹೊರಬಿದ್ದು ಬಿಸಿಲಿಗೆ ಸತ್ತವು. ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟಿನಲ್ಲಿ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಒಣನೆಲದಲ್ಲಿದ್ದ ದೀಪಸ್ತಂಭದ ಬುಡ ಕಡಲ ನೀರಿಗಿಳಿಯಿತು. ನೆಲವೇ ಹೀಗೆ ಏರಿಳಿದಾಗ ಅದರ ಮೇಲಿನ ಅಷ್ಟೂ ನೀರು ಸುಮ್ಮನಿರಲಾರದು.

ನಡುಗಡಲಿನಲ್ಲಿ ಆ ಅಲೆಯ ಎತ್ತರ ಉಪಗ್ರಹದ ಅಳತೆಯಲ್ಲಿ ಸುಮಾರು 60 ಸೆಂಟಿಮೀಟರ್ ಮಾತ್ರ; ವೇಗ ಗಂಟೆಗೆ 700 ಕಿ.ಮೀ. ಆಸುಪಾಸು. ದಡದ ಬಳಿ ಆಳ ಕಡಿಮೆಯಾಗುತ್ತ ಮುಂದಿನ ನೀರು ನಿಧಾನವಾಗಿ, ಹಿಂದಿನದು ಅದರ ಮೇಲೆ ಒಟ್ಟಿಕೊಳ್ಳುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಲೇಬೇಕು. ಸುನಾಮಿಗೆ ಮುನ್ನ ಕಡಲು ಹಿಂದೆ ಸರಿದೇ ಸರಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ತಳ ಕುಸಿದದ್ದು ಪೂರ್ವದ ಕಡೆಗಾದ್ದರಿಂದ ಥಾಯ್ಲೆಂಡಿನಲ್ಲಿ ಹಾಗಾದದ್ದು ನಿಜ. ಆದರೆ ತಳ ಎದ್ದದ್ದು ಪಶ್ಚಿಮದ ಕಡೆಗಾದ್ದರಿಂದ ಚೆನ್ನೈಗೆ ಮೊದಲು ಬಂದದ್ದೇ ಉಬ್ಬಿದ ನೀರು.

ನಿಮ್ಮ ಊರಿನ ವಿಷಯ. 1945ರ ನವೆಂಬರ್ 28ರಂದು, ಈಗ ಪಾಕಿಸ್ತಾನದಲ್ಲಿರುವ ಮಕ್ರಾನ್ ತೀರದಾಚೆ 8.1 ತೀವ್ರತೆಯ ಭೂಕಂಪವಾದಾಗ ಎದ್ದ ಸುನಾಮಿ ಮುಂಬಯಿಯನ್ನಲ್ಲದೆ ಕಾರವಾರವನ್ನೂ ಮುಟ್ಟಿತ್ತು. ಪೂರ್ವ ಕರಾವಳಿಗಿಂತ ನಮಗೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. 2007ರಿಂದ ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಎರಡೂ ಕಡಲುಗಳ ಮೇಲೆ ಕಣ್ಣಿಟ್ಟಿದೆ. ಅದರ ಎಚ್ಚರಿಕೆ ಬಂದ ದಿನ, ಮೊದಲ ಅಲೆ ಇಳಿಯಿತೆಂದು ದೋಣಿ ನೋಡಿ ಬರಲು ದಂಡೆಗೆ ಹೋಗಬೇಡಿ. ಅಲೆಗಳು ಗಂಟೆಗಟ್ಟಲೆ ಬರುತ್ತಲೇ ಇರುತ್ತವೆ, ಎರಡನೆಯದೋ ಮೂರನೆಯದೋ ಮೊದಲಿನದಕ್ಕಿಂತ ದೊಡ್ಡದಿರಬಹುದು.

– ಸಂ.